ವೆಲ್ಡ್ ಮಾಡಿದ ಸ್ಟೀಲ್ ಟ್ರಸ್: ಎಷ್ಟು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ನಡೆಯುತ್ತೆ?

"ಟ್ರಸ್ ಮಾಡಿಸ್ತಿದ್ದೀವಿ, ಎಷ್ಟು ಎಂಎಂ ಹೆಚ್ಚುಕಮ್ಮಿ ಇದ್ರೆ ಪರವಾಗಿಲ್ಲ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಒಂದೇ ಒಂದು ಅಂಕಿ ಹೇಳಿಬಿಡಿ ಅಂತ ಎಲ್ಲರೂ ಕೇಳುತ್ತಾರೆ. ಅಂಥ ಅಂಕಿ ಇಲ್ಲ. ಒಂದೇ ಟ್ರಸ್‌ನಲ್ಲಿ ಒಂದು ಕಡೆ 8 ಮಿಮೀ ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ, ಇನ್ನೊಂದು ಕಡೆ 2 ಮಿಮೀ ತಪ್ಪಿದರೆ ಬೋಲ್ಟ್ ಕೂರುವುದೇ ಇಲ್ಲ. ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಅನ್ನುವುದು ಕೆಲಸ ಶುರುವಾಗುವ ಮೊದಲೇ ಗೊತ್ತಿರಬೇಕು. ಕೆಲಸದ ಕ್ರಮದಲ್ಲೇ ಒಂದೊಂದಾಗಿ ನೋಡೋಣ.

ಮೊದಲು ಕೆಲವು ಪದಗಳು. ಟ್ರಸ್ ಅಂದರೆ ತುಂಡುಗಳನ್ನು ತ್ರಿಕೋನಗಳಾಗಿ ಜೋಡಿಸಿ ಮಾಡುವ, ಛಾವಣಿ ಹೊರುವ ಚೌಕಟ್ಟು. ಟಾಲರೆನ್ಸ್ ಅಂದರೆ ಡ್ರಾಯಿಂಗ್‌ನ ಅಳತೆಗೂ ಮಾಡಿದ ವಸ್ತುವಿನ ಅಳತೆಗೂ ನಡುವೆ ಒಪ್ಪಬಹುದಾದ ವ್ಯತ್ಯಾಸ. ಟ್ರಸ್‌ನ ಮೇಲಿನ ಇಳಿಜಾರು ತುಂಡು ಟಾಪ್ ಕಾರ್ಡ್, ಕೆಳಗಿನ ಅಡ್ಡ ತುಂಡು ಬಾಟಮ್ ಕಾರ್ಡ್, ಇವೆರಡರ ನಡುವಿನ ನೆಟ್ಟನೆಯ ಮತ್ತು ಓರೆ ತುಂಡುಗಳು ವೆಬ್. ಇವೆಲ್ಲ ಬಂದು ಕೂಡುವ ಜಾಗ ನೋಡ್. ಅಲ್ಲಿ ಕೂರುವ ತಗಡಿನ ತುಂಡು ಗಸೆಟ್ ಪ್ಲೇಟ್. ಶೀಟನ್ನು ಹೊರುವ ಅಡ್ಡ ತೊಲೆ ಪರ್ಲಿನ್, ಅದನ್ನು ಹಿಡಿಯಲು ಟಾಪ್ ಕಾರ್ಡ್ ಮೇಲೆ ವೆಲ್ಡ್ ಮಾಡುವ ಚಿಕ್ಕ ಆಂಗಲ್ (L ಆಕಾರದ ಕಬ್ಬಿಣ) ತುಂಡು ಕ್ಲೀಟ್.

ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: 12 ಮೀಟರ್ ಅಗಲ, ನಡುವೆ 2 ಮೀಟರ್ ಎತ್ತರ ಇರುವ ತ್ರಿಕೋನ ಟ್ರಸ್. ಇದರ ಒಂದು ಬದಿಯ ಇಳಿಜಾರಿನ ಉದ್ದ 6,325 ಮಿಮೀ.

ಹಂತ 1: ಯಾವ ನಿಯಮ ಅಂತ ಬರೆಸಿಕೊಳ್ಳಿ

ಭಾರತದಲ್ಲಿ ಸ್ಟೀಲ್ ಕಟ್ಟಡಗಳ ತಯಾರಿಕೆಗೆ ಐಎಸ್ 7215, ನಿಲ್ಲಿಸುವುದಕ್ಕೆ ಐಎಸ್ 12843 ಇದೆ. ಯುರೋಪಿನಲ್ಲಿ ಇಎನ್ 1090-2, ಅಮೆರಿಕದಲ್ಲಿ ಎಐಎಸ್‌ಸಿ 303. ಅಂಕಿಗಳು ಒಂದರಿಂದ ಒಂದಕ್ಕೆ ಸ್ವಲ್ಪ ಬೇರೆ. ಆದ್ದರಿಂದ ನಿಮ್ಮ ಕೆಲಸಕ್ಕೆ ಯಾವುದು ಅನ್ವಯ ಅನ್ನುವುದು ಡ್ರಾಯಿಂಗ್ ಮೇಲೋ ಆರ್ಡರ್‌ನಲ್ಲೋ ಒಂದು ಸಾಲಾಗಿ ಇರಲಿ. "ಸ್ಟ್ಯಾಂಡರ್ಡ್ ಪ್ರಕಾರ ಮಾಡಿಕೊಡ್ತೀವಿ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಜಗಳ ಶುರುವಾಗುವುದೇ ಅಲ್ಲಿಂದ.

ಈ ಲೇಖನದಲ್ಲಿ ಬರುವ ಅಂಕಿಗಳು ಅಂದಾಜಿಗೆ. ನಿಮ್ಮ ಡ್ರಾಯಿಂಗ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು.

ಹಂತ 2: ಬಿಗಿ ಅಳತೆಗಳನ್ನು ಗುರುತು ಮಾಡಿ

ಡ್ರಾಯಿಂಗ್ ಪ್ರಿಂಟ್ ತೆಗೆದುಕೊಂಡು ಕೆಂಪು ಪೆನ್ನಿನಲ್ಲಿ ಇವಿಷ್ಟಕ್ಕೆ ಸುತ್ತು ಹಾಕಿ. ಒಂದು ಬೇರಿಂಗ್‌ನಿಂದ ಇನ್ನೊಂದು ಬೇರಿಂಗ್‌ವರೆಗಿನ ಅಳತೆ, ಅಂದರೆ ಕಂಬದ ಮೇಲೆ ಕೂರುವ ಎರಡು ಜಾಗಗಳ ನಡುವಿನ ದೂರ. ಬೇಸ್ ಪ್ಲೇಟ್, ಅಂದರೆ ಟ್ರಸ್ ತುದಿಯಲ್ಲಿ ಕಂಬಕ್ಕೆ ಬೋಲ್ಟ್ ಆಗುವ ಪ್ಲೇಟ್, ಅದರ ತೂತುಗಳ ನಡುವಿನ ಅಂತರ. ನೋಡ್‌ಗಳ ಜಾಗ. ಪರ್ಲಿನ್ ಕ್ಲೀಟ್‌ಗಳ ಜಾಗ ಮತ್ತು ಮಟ್ಟ. ಟಾಪ್ ಕಾರ್ಡ್‌ನ ನೇರ.

ಉಳಿದದ್ದು? ಗಸೆಟ್ ಪ್ಲೇಟ್‌ನ ಹೊರಗಿನ ಅಂಚು 5 ಮಿಮೀ ದೊಡ್ಡದಾದರೆ ಏನೂ ಆಗುವುದಿಲ್ಲ. ವೆಬ್ ಆಂಗಲ್‌ನ ತುದಿ ಗಸೆಟ್ ಮೇಲೆ 5 ಮಿಮೀ ಹಿಂದೆ ನಿಂತರೂ, ಬೇಕಾದ ವೆಲ್ಡ್ ಉದ್ದ ಸಿಕ್ಕರೆ ಸಾಕು. ಇಂಥದ್ದಕ್ಕೆ ಗ್ರೈಂಡರ್ ಹಿಡಿದು ಗಂಟೆಗಟ್ಟಲೆ ಕೂರುವವರು ಜಾಸ್ತಿ. ಅದೇ ಹೊತ್ತನ್ನು ಬೇಸ್ ಪ್ಲೇಟ್ ತೂತಿನ ಮೇಲೆ ಹಾಕಿದರೆ ಲಾಭ.

ಹಂತ 3: ಟೇಪ್ ಸರಿ ಇದೆಯಾ ನೋಡಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಒಂದು ಕೆಲಸಕ್ಕೆ ಒಂದೇ ಸ್ಟೀಲ್ ಟೇಪ್ ಇಟ್ಟುಕೊಳ್ಳಿ. ಕಂಬ ಅಳೆದವರ ಟೇಪ್ ಬೇರೆ ಇದ್ದರೆ ಎರಡನ್ನೂ ಪಕ್ಕಪಕ್ಕ ಎಳೆದು 12 ಮೀಟರ್‌ನಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ಬಟ್ಟೆ ಅಥವಾ ಫೈಬರ್ ಟೇಪ್ ಎಳೆದಷ್ಟೂ ಉದ್ದವಾಗುತ್ತದೆ, ಈ ಕೆಲಸಕ್ಕೆ ಬೇಡ.

ಟೇಪ್ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುತ್ತದಲ್ವಾ? ಅದು ಹಾಳಾಗಿ ಅಲ್ಲಾಡುತ್ತಿರುವುದಲ್ಲ. ಕೊಕ್ಕೆಯ ದಪ್ಪದಷ್ಟೇ ಅದು ಜರುಗಬೇಕು. ಆಗ ಸಿಕ್ಕಿಸಿ ಎಳೆದರೂ ಒತ್ತಿ ಹಿಡಿದರೂ ಒಂದೇ ಅಳತೆ ಬರುತ್ತದೆ. ಆದರೆ ಕೆಳಗೆ ಬಿದ್ದು ಕೊಕ್ಕೆ ಬಗ್ಗಿದ್ದರೆ ನಂಬಬೇಡಿ. 100 ಮಿಮೀ ಗೆರೆಯಿಂದ ಅಳತೆ ಶುರು ಮಾಡುವುದು ಒಳ್ಳೆಯದು. ಆಗ ಇರುವ ಅಪಾಯ ಒಂದೇ: ಕೊನೆಯಲ್ಲಿ 100 ಕಳೆಯುವುದು ಮರೆತುಹೋಗುತ್ತದೆ. ಒಬ್ಬರು ಹಿಡಿದು ಇನ್ನೊಬ್ಬರು ಓದುವಾಗ "ನೂರರಿಂದ" ಅಂತ ಗಟ್ಟಿಯಾಗಿ ಹೇಳುವ ರೂಢಿ ಇರಲಿ.

ಬಿಸಿಲಿನ ವಿಷಯ. ಸ್ಟೀಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ 0.012 ಮಿಮೀ ಹಿಗ್ಗುತ್ತದೆ. 12 ಮೀಟರ್ ತುಂಡು 25 ಡಿಗ್ರಿ ಬಿಸಿಯಾದರೆ 3.6 ಮಿಮೀ ಉದ್ದ. ಟೇಪೂ ಸ್ಟೀಲೇ ಆದ್ದರಿಂದ ಎರಡೂ ಒಂದೇ ಬಿಸಿಯಲ್ಲಿದ್ದರೆ ಲೆಕ್ಕ ಹೊಂದಿಕೊಳ್ಳುತ್ತದೆ. ಕಬ್ಬಿಣ ಬಿಸಿಲಲ್ಲಿ ಕಾದು ಟೇಪ್ ಜೇಬಿನಿಂದ ಆಗಷ್ಟೇ ಬಂದಿದ್ದರೆ ಮಾತ್ರ ಎಡವಟ್ಟು. ಮುಖ್ಯ ಅಳತೆಗಳನ್ನು ಬೆಳಗ್ಗೆ ಹೊತ್ತು ಅಥವಾ ನೆರಳಲ್ಲಿ ತೆಗೆದುಕೊಳ್ಳಿ.

ಹಂತ 4: ನೆಲದ ಮೇಲೆ ಪೂರ್ತಿ ಗಾತ್ರದಲ್ಲಿ ಗೆರೆ ಹಾಕಿ

ಸಮತಟ್ಟಾದ ಸಿಮೆಂಟ್ ನೆಲ ಅಥವಾ ಸ್ಟೀಲ್ ಪ್ಲೇಟ್ ಹಾಸಿದ ಜಾಗ ಬೇಕು. ಅದರ ಮೇಲೆ ಟ್ರಸ್‌ನ ಗೆರೆಗಳನ್ನು ಚಾಕ್ ದಾರದಿಂದ 1:1 ಗಾತ್ರದಲ್ಲಿ ಹೊಡೆಯಿರಿ. ಮೊದಲು ಬಾಟಮ್ ಕಾರ್ಡ್‌ನ ಗೆರೆ, ಅದರ ಮಧ್ಯದಿಂದ ಲಂಬ ಗೆರೆ, ಅದರ ಮೇಲೆ ನೆತ್ತಿಯ ಬಿಂದು. ಲಂಬ ತೆಗೆಯಲು ಚಿಕ್ಕ ಮೂಲೆಮಟ್ಟ ಸಾಲದು. 3-4-5 ಲೆಕ್ಕವನ್ನು (ಎರಡು ಬದಿ 3 ಮತ್ತು 4 ಇದ್ದು ಓರೆ ಅಳತೆ 5 ಬಂದರೆ ಮೂಲೆ ಲಂಬ) ಮೀಟರ್‌ನಲ್ಲೇ ಹಾಕಿ.

ಆಮೇಲೆ ಎರಡೂ ತುದಿಗಳಿಂದ ನೆತ್ತಿಯ ಬಿಂದುವಿಗೆ ಅಳೆಯಿರಿ. ಎರಡೂ ಕಡೆ 6,325 ಬರಬೇಕು. ಒಂದು ಕಡೆ 6,328, ಇನ್ನೊಂದು ಕಡೆ 6,322 ಬಂದರೆ ನೆತ್ತಿ ಸುಮಾರು 3 ಮಿಮೀ ಪಕ್ಕಕ್ಕೆ ಸರಿದಿದೆ ಅಂತ ಅರ್ಥ. ಕಬ್ಬಿಣ ಇಡುವ ಮೊದಲೇ ಇದನ್ನು ಅಳಿಸಿ ಸರಿಮಾಡಿ. ಆಗ ಖರ್ಚಾಗುವುದು ಸ್ವಲ್ಪ ಚಾಕ್ ಪುಡಿ ಮಾತ್ರ.

ನೋಡ್‌ಗಳ ಜಾಗ ಗುರುತಿಸುವಾಗ ಒಂದು ನೋಡ್‌ನಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಅಂತ ಅಳೆಯಬೇಡಿ. ಪ್ರತಿ ಸಲ ಒಂದೂವರೆ ಮಿಮೀ ತಪ್ಪಿದರೂ 8 ಅಂಕಣ (ಎರಡು ನೋಡ್‌ಗಳ ನಡುವಿನ ಭಾಗ) ದಾಟುವ ಹೊತ್ತಿಗೆ 12 ಮಿಮೀ. ಟೇಪನ್ನು ಒಂದು ತುದಿಯಲ್ಲಿ ಹಿಡಿದು ಎಲ್ಲಾ ಗುರುತುಗಳನ್ನೂ ಅಲ್ಲಿಂದಲೇ ಹಾಕಿ: 1,500, 3,000, 4,500, ಹೀಗೆ. ಇಎನ್ 1090-2 ಕೂಡ ಇದನ್ನು ಎರಡಾಗಿ ನೋಡುತ್ತದೆ. ಸಡಿಲವಾದ ವರ್ಗದಲ್ಲಿ ಪಕ್ಕಪಕ್ಕದ ನೋಡ್‌ಗಳ ನಡುವೆ 5 ಮಿಮೀ, ಒಟ್ಟು ಸೇರಿ 10 ಮಿಮೀ. ಬಿಗಿ ವರ್ಗದಲ್ಲಿ 3 ಮತ್ತು 6. ಪ್ರತಿ ಅಂಕಣವೂ ಒಂದೊಂದಾಗಿ ಪಾಸಾಗಿ ಇಡೀ ಟ್ರಸ್ ಫೇಲಾಗಬಹುದು, ಗಮನಿಸಿ.

ಹಂತ 5: ಆಂಗಲ್ ಅನ್ನು ಯಾವ ಗೆರೆಯ ಮೇಲೆ ಇಡುತ್ತೀರಿ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಟೇಪ್ ಹಿಡಿದು ನೋಡಿದರೆ ಎಲ್ಲಾ ಸರಿ ಇದೆ ಅನ್ನಿಸುವುದರಿಂದ ಯಾರೂ ಹಿಡಿಯುವುದೂ ಇಲ್ಲ.

ನೆಲದ ಮೇಲೆ ಹೊಡೆದ ಗೆರೆ ಸಾಮಾನ್ಯವಾಗಿ ಆಂಗಲ್‌ನ ಸೆಂಟ್ರಾಯ್ಡ್ ಗೆರೆ, ಅಂದರೆ ಬಲ ಹರಿಯುವ ಭಾರಕೇಂದ್ರದ ಗೆರೆ. ಇದು ಆಂಗಲ್‌ನ ಬೆನ್ನೂ (L ಮೂಲೆಯ ಹೊರಬದಿ) ಅಲ್ಲ, ಪಟ್ಟಿಯ ನಡುಮಧ್ಯವೂ ಅಲ್ಲ. 50×50×6 ಆಂಗಲ್‌ನಲ್ಲಿ ಅದು ಬೆನ್ನಿನಿಂದ 14.5 ಮಿಮೀ ದೂರದಲ್ಲಿದೆ. ಸುಮ್ನೆ ನಡುಮಧ್ಯ ಅಂತ 25 ಮಿಮೀಗೆ ಇಟ್ಟರೆ ಶುರುವಿನಲ್ಲೇ 10.5 ಮಿಮೀ ತಪ್ಪು.

ಅದರಿಂದ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಒಂದು ಓರೆ ವೆಬ್‌ನಲ್ಲಿ 40 ಕಿಲೋನ್ಯೂಟನ್ ಬಲ ಇದೆ ಅನ್ನೋಣ, ಹತ್ತಿರ ಹತ್ತಿರ 4 ಟನ್. 50×50×6 ಆಂಗಲ್‌ನ ಕೊಯ್ತದ ವಿಸ್ತೀರ್ಣ 568 ಚದರ ಮಿಮೀ, ಹಾಗಾಗಿ ನೇರ ಎಳೆತದ ಒತ್ತಡ ಚದರ ಮಿಮೀಗೆ ಸುಮಾರು 70 ನ್ಯೂಟನ್. ಆರಾಮಾಗಿದೆ. ಅದೇ ಬಲ ನೋಡ್ ಬಿಂದುವಿನಿಂದ 10 ಮಿಮೀ ಪಕ್ಕದಲ್ಲಿ ಹರಿದರೆ 0.4 ಕಿಲೋನ್ಯೂಟನ್-ಮೀಟರ್ ಬಾಗುಬಲ ಹುಟ್ಟುತ್ತದೆ. ಅದೆಲ್ಲ ಆ ಒಂದೇ ಆಂಗಲ್ ಮೇಲೆ ಬಿದ್ದರೆ ಚದರ ಮಿಮೀಗೆ ಇನ್ನೂ 110 ನ್ಯೂಟನ್ ಸೇರಿಕೊಳ್ಳುತ್ತದೆ. ನಿಜದಲ್ಲಿ ಒಂದು ಪಾಲು ಕಾರ್ಡ್‌ಗೂ ಹಂಚಿಹೋಗುತ್ತದೆ. ಆದರೂ ಡಿಸೈನ್ ಮಾಡಿದವರು ಲೆಕ್ಕಕ್ಕೇ ತೆಗೆದುಕೊಳ್ಳದ ಒತ್ತಡ ಇದು.

ಆದ್ದರಿಂದ ಪ್ರತಿ ಗಾತ್ರದ ಆಂಗಲ್‌ಗೆ ಬೆನ್ನಿನಿಂದ ಎಷ್ಟು ಅನ್ನುವುದನ್ನು ಪಟ್ಟಿ ಮಾಡಿ, ನೆಲದ ಮೇಲೆ ಬೆನ್ನಿನ ಗೆರೆಯನ್ನೂ ಬೇರೆ ಬಣ್ಣದಲ್ಲಿ ಹೊಡೆದುಬಿಡಿ. ಕೆಲಸದವರು ಬೆನ್ನನ್ನು ಆ ಗೆರೆಗೆ ಕೂರಿಸಿದರೆ ಆಯಿತು. ಡ್ರಾಯಿಂಗ್‌ನಲ್ಲಿ ಬೆನ್ನಿನ ಗೆರೆಗಳೇ ಕೂಡುವ ಹಾಗೆ ತೋರಿಸಿದ್ದರೆ ಡಿಸೈನರ್ ಅದನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಅಂತ ಒಂದು ಸಲ ಕೇಳಿ.

ಇದೇ ಕಾರಣಕ್ಕೆ ಗಸೆಟ್ ಮೇಲಿನ ವೆಲ್ಡನ್ನೂ ಎರಡೂ ಅಂಚಿಗೆ ಸಮ ಹಂಚಬಾರದು. ಒಟ್ಟು 200 ಮಿಮೀ ವೆಲ್ಡ್ ಬೇಕಿದ್ದರೆ ಇದೇ ಆಂಗಲ್‌ನ ಬೆನ್ನಿನ ಕಡೆ ಸುಮಾರು 140, ಅಂಚಿನ ಕಡೆ 60.

ಪೈಪ್ ಅಥವಾ ಚೌಕ ಟ್ಯೂಬ್ ಟ್ರಸ್ ಆದರೆ ಗೆರೆ ಸರಳ, ನಡುಮಧ್ಯವೇ. ಅಲ್ಲಿ ನೋಡಬೇಕಾದ್ದು ಎರಡು ವೆಬ್‌ಗಳ ನಡುವೆ ಕಾರ್ಡ್ ಮೇಲೆ ಉಳಿಯುವ ಸಂದು. ಅದು ಕನಿಷ್ಠ ಆ ಎರಡು ಟ್ಯೂಬ್‌ಗಳ ದಪ್ಪ ಕೂಡಿದಷ್ಟಾದರೂ ಇರಲಿ, ಇಲ್ಲದಿದ್ದರೆ ವೆಲ್ಡ್ ಒಳಗೆ ಇಳಿಯಲು ಜಾಗವೇ ಇರುವುದಿಲ್ಲ.

ಹಂತ 6: ಮೊದಲು ಜಾಯಿಂಟ್, ಆಮೇಲೆ ಕಟಿಂಗ್

ವೆಲ್ಡ್ ತಣ್ಣಗಾಗುವಾಗ ಕುಗ್ಗುತ್ತದೆ, ಪಕ್ಕದ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ಎರಡು ತುಂಡುಗಳನ್ನು ತುದಿಗೆ ತುದಿ ಸೇರಿಸಿ ಮಾಡುವ ಬಟ್ ವೆಲ್ಡ್‌ನಲ್ಲಿ 1.5ರಿಂದ 3 ಮಿಮೀ ಕುಗ್ಗಬಹುದು. ಮೂಲೆಯಲ್ಲಿ ಹಾಕುವ ಫಿಲೆಟ್ ವೆಲ್ಡ್‌ನಲ್ಲಿ ಒಂದೊಂದಕ್ಕೆ ಅಡ್ಡಕ್ಕೆ ಸುಮಾರು 0.8 ಮಿಮೀ. ವೆಲ್ಡ್ ದಪ್ಪ ಮಾಡಿದಷ್ಟೂ ಕುಗ್ಗುವುದು ಜಾಸ್ತಿ.

12 ಮೀಟರ್ ಬಾಟಮ್ ಕಾರ್ಡ್‌ಗೆ ಎರಡು ತುಂಡು ಸೇರಿಸಬೇಕಿದ್ದರೆ ಮೊದಲು ಅದನ್ನು ಸೇರಿಸಿ, ಪೂರ್ತಿ ತಣ್ಣಗಾಗಲು ಬಿಡಿ, ನೇರ ಇದೆಯಾ ನೋಡಿ. ಆಮೇಲೆ ಅಳೆದು ಕತ್ತರಿಸಿ. ಮೊದಲೇ ಸರಿ ಅಳತೆಗೆ ಕತ್ತರಿಸಿಟ್ಟು ಆಮೇಲೆ ಸೇರಿಸಿದರೆ ಉದ್ದ ಕಮ್ಮಿ ಬಂದೇ ಬರುತ್ತದೆ. ಕಮ್ಮಿ ಬಿದ್ದ ಕಬ್ಬಿಣಕ್ಕೆ ಮತ್ತೆ ತುಂಡು ಸೇರಿಸಬೇಕು, ಅದು ಮತ್ತೆ ಕುಗ್ಗುತ್ತದೆ.

ಉದ್ದಕ್ಕೆ ಎಷ್ಟು ಬಿಡಬಹುದು? ಎಐಎಸ್‌ಸಿ 303ರಲ್ಲಿ ಬೇರೆ ತುಂಡಿಗೆ ಜೋಡಿಸುವ ತುಂಡುಗಳಿಗೆ ಸುಮಾರು 9 ಮೀಟರ್‌ವರೆಗೆ 2 ಮಿಮೀ, ಅದಕ್ಕಿಂತ ಉದ್ದದ್ದಕ್ಕೆ 3 ಮಿಮೀ ಹೆಚ್ಚು ಅಥವಾ ಕಮ್ಮಿ. ಬೇರಿಂಗ್‌ನಿಂದ ಬೇರಿಂಗ್‌ಗೆ ಇರುವ ಅಳತೆಗೂ ಇದೇ 3 ಮಿಮೀ ಇಟ್ಟುಕೊಂಡು ಹೋದರೆ ಮೇಲೆ ಎತ್ತಿದಾಗ ನೆಮ್ಮದಿ.

ಹಂತ 7: ಜಿಗ್ ಕಟ್ಟಿ, ಟ್ಯಾಕ್ ಹಾಕಿ

ಜಿಗ್ ಅಂದರೆ ತುಂಡುಗಳು ಅಲುಗಾಡದ ಹಾಗೆ ಗೆರೆಯ ಪಕ್ಕದಲ್ಲಿ ನಿಲ್ಲಿಸುವ ಸ್ಟಾಪರ್‌ಗಳ ಚೌಕಟ್ಟು. ಚಿಕ್ಕ ಆಂಗಲ್ ತುಂಡುಗಳನ್ನು ಹಾಸಿದ ಪ್ಲೇಟ್‌ಗೆ ವೆಲ್ಡ್ ಮಾಡಿದರೂ ಸಾಕು. ಬೇಸ್ ಪ್ಲೇಟ್ ಜಾಗದಲ್ಲಿ ಮಾತ್ರ ತೂತಿಗೆ ಸರಿಯಾಗಿ ಕೂರುವ ಪಿನ್ ನಿಲ್ಲಿಸಿ.

ಟ್ಯಾಕ್ ಅಂದರೆ ಹಿಡಿದಿಡಲು ಹಾಕುವ ಚುಕ್ಕೆ ವೆಲ್ಡ್. ಎಲ್ಲಾ ತುಂಡುಗಳಿಗೂ ಟ್ಯಾಕ್ ಆದ ಮೇಲೆ, ಪೂರ್ತಿ ವೆಲ್ಡ್ ಶುರು ಮಾಡುವ ಮೊದಲು ಇನ್ನೊಮ್ಮೆ ಅಳೆಯಿರಿ. ಟ್ಯಾಕ್ ಒಡೆಯುವುದು ನಿಮಿಷದ ಕೆಲಸ, ಪೂರ್ತಿ ವೆಲ್ಡ್ ಕತ್ತರಿಸಲು ಅರ್ಧ ದಿನ ಬೇಕು.

ಆಂಗಲ್‌ಗೂ ಗಸೆಟ್‌ಗೂ ನಡುವಿನ ಸಂದು ನೋಡಿ. 2 ಮಿಮೀವರೆಗೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಸಂದು ಎಷ್ಟಿದೆಯೋ ಅಷ್ಟು ವೆಲ್ಡ್‌ನ ಕಾಲನ್ನು (ಮೂಲೆಯಿಂದ ವೆಲ್ಡ್ ಅಂಚಿನವರೆಗಿನ ಅಳತೆ) ದೊಡ್ಡದು ಮಾಡಬೇಕು: 6 ಮಿಮೀ ವೆಲ್ಡ್, 3 ಮಿಮೀ ಸಂದು ಅಂದರೆ 9 ಮಿಮೀ ವೆಲ್ಡ್. 5 ಮಿಮೀ ದಾಟಿದರೆ ಬಿಚ್ಚಿ ಮತ್ತೆ ಕೂರಿಸಿ. ಸಂದಿನೊಳಗೆ ಕಂಬಿ ಚೂರು ತುರುಕಿ ಮೇಲೆ ವೆಲ್ಡ್ ಎಳೆಯುವುದು ಮೋಸವೇ, ಬೇರೆ ಹೆಸರಿಲ್ಲ.

ಹತ್ತು ಟ್ರಸ್ ಮಾಡುವಾಗ ಹತ್ತನ್ನೂ ಅದೇ ಜಿಗ್‌ನಲ್ಲಿ ಮಾಡಿ. ಜಿಗ್ ಇಲ್ಲದೆ ಮೊದಲ ಟ್ರಸ್ ಮೇಲೆ ಎರಡನೆಯದು, ಎರಡನೆಯದರ ಮೇಲೆ ಮೂರನೆಯದು ಅಂತ ಇಟ್ಟು ಮಾಡಿದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ಹಾಗೆ ಮಾಡಲೇಬೇಕಿದ್ದರೆ ಮೊದಲನೆಯದನ್ನೇ ಅಚ್ಚಾಗಿ ಇಟ್ಟುಕೊಂಡು ಎಲ್ಲವನ್ನೂ ಅದರಿಂದಲೇ ತೆಗೆಯಿರಿ. ಎಲ್ಲಾ ಟ್ರಸ್‌ಗಳೂ ಒಂದೇ ತರಹ 4 ಮಿಮೀ ಎತ್ತರ ಇದ್ದರೆ ಛಾವಣಿ ನೇರವಾಗೇ ಬರುತ್ತದೆ. ಒಂದು 4 ಮೇಲೆ, ಪಕ್ಕದ್ದು 4 ಕೆಳಗೆ ಇದ್ದರೆ ಶೀಟ್ ಅಲೆ ಅಲೆಯಾಗಿ ಕಾಣುತ್ತದೆ.

ಹಂತ 8: ವೆಲ್ಡ್ ಮಾಡುವ ಕ್ರಮ

ನಡುವಿನಿಂದ ತುದಿಗಳ ಕಡೆಗೆ, ಎಡ ಬಲ ಸಮವಾಗಿ ಸಾಗಿ. ಒಂದೇ ನೋಡ್‌ನಲ್ಲಿ ಎಲ್ಲಾ ವೆಲ್ಡ್ ಒಟ್ಟಿಗೆ ಮುಗಿಸಬೇಡಿ, ಬಿಸಿ ಒಂದೇ ಕಡೆ ಸೇರುತ್ತದೆ. ಒಂದು ಮುಖ ಪೂರ್ತಿ ಮುಗಿಸಿ ಆಮೇಲೆ ತಿರುಗಿಸುವುದು ಎಲ್ಲರ ಅಭ್ಯಾಸ. ಅದರಿಂದಲೇ ಟ್ರಸ್ ಬಿಲ್ಲಿನ ಹಾಗೆ ಪಕ್ಕಕ್ಕೆ ಬಾಗುತ್ತದೆ. ಒಂದು ಮುಖದಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ತಿರುಗಿಸಿ, ಇನ್ನೊಂದು ಮುಖದ್ದು ಮುಗಿಸಿ, ಮತ್ತೆ ಮೊದಲನೆಯದಕ್ಕೆ ಬನ್ನಿ.

ಟ್ರಸ್ ತಿರುಗಿಸುವಾಗ ಹುಷಾರು. ನಿಂತಾಗ ಅದು ಎಷ್ಟೇ ಗಟ್ಟಿ ಇದ್ದರೂ ಮಲಗಿದಾಗ ಬಳುಕುತ್ತದೆ. ಕಾರ್ಡ್‌ಗಳ ಉದ್ದಕ್ಕೂ ದಪ್ಪ ಪೈಪ್ ಕಟ್ಟಿ, ಎರಡು ಕಡೆ ಹಿಡಿದು ಎತ್ತಿ. ನಡುವೆ ಒಂದೇ ಕಡೆ ಸರಪಳಿ ಹಾಕಿ ಎತ್ತಿದರೆ ಅಲ್ಲಿಯವರೆಗೆ ಕಾಪಾಡಿದ ನೇರವೆಲ್ಲ ಹೋಯಿತು.

ಡ್ರಾಯಿಂಗ್‌ನಲ್ಲಿ 6 ಮಿಮೀ ವೆಲ್ಡ್ ಅಂತಿದ್ದರೆ 6 ಹಾಕಿ. "ಗಟ್ಟಿ ಇರಲಿ" ಅಂತ 10 ಹಾಕಿದರೆ ಸೇರುವುದು ಬಿಸಿ ಮತ್ತು ಸೊಟ್ಟ.

ಹಂತ 9: ತಣ್ಣಗಾದ ಮೇಲೆ ಅಳೆಯಿರಿ

ಮುಟ್ಟಿದರೆ ಬೆಚ್ಚಗೆ ಇರುವಾಗ ಅಳೆದ ಅಳತೆಗೆ ಬೆಲೆ ಇಲ್ಲ. ಪೂರ್ತಿ ತಣ್ಣಗಾದ ಮೇಲೆ ಟ್ರಸ್ ಮಲಗಿಸಿಯೇ ಇವನ್ನು ನೋಡಿ.

ಬೇರಿಂಗ್ ಅಳತೆ ಮತ್ತು ಎರಡೂ ಇಳಿಜಾರು ಮೊದಲು. ಆಮೇಲೆ ಟಾಪ್ ಕಾರ್ಡ್‌ನ ಪಕ್ಕದ ನೇರ. ತುದಿಯಿಂದ ತುದಿಗೆ ತೆಳು ತಂತಿ ಬಿಗಿದು ನಡುವೆ ಎಷ್ಟು ದೂರ ಸರಿದಿದೆ ನೋಡಿ. ಹಿಡಿತ ಇರುವ ಎರಡು ಬಿಂದುಗಳ ನಡುವಿನ ಉದ್ದದ ಸಾವಿರದಲ್ಲಿ ಒಂದು ಪಾಲು ಇದರ ಮಿತಿ, 3 ಮೀಟರ್‌ಗೆ 3 ಮಿಮೀ. ಇದು ಯಾರೋ ಬಾಯಿಗೆ ಬಂದಂತೆ ಹೇಳಿದ ಅಂಕಿ ಅಲ್ಲ. ಟಾಪ್ ಕಾರ್ಡ್ ಸಾಮಾನ್ಯವಾಗಿ ಅದುಮಿಸಿಕೊಳ್ಳುವ ತುಂಡು. ಅಂಥ ತುಂಡು ಬಳುಕುವ ಲೆಕ್ಕ ಹಾಕುವಾಗ ಮೊದಲೇ ಇಷ್ಟು ಸೊಟ್ಟ ಇರುತ್ತದೆ ಅಂತ ಹಿಡಿದೇ ಡಿಸೈನ್ ಸೂತ್ರಗಳನ್ನು ಮಾಡಿದ್ದಾರೆ. ಅದನ್ನು ದಾಟಿದರೆ ಆ ಸೂತ್ರದ ನೆರಳು ನಿಮಗಿಲ್ಲ. ಎಳೆಸಿಕೊಳ್ಳುವ ಬಾಟಮ್ ಕಾರ್ಡ್ ಸ್ವಲ್ಪ ಸೊಟ್ಟ ಇದ್ದರೆ ಅಷ್ಟು ಭಯ ಇಲ್ಲ. ಆದರೆ ಜೋರು ಗಾಳಿ ಛಾವಣಿಯನ್ನು ಮೇಲಕ್ಕೆ ಎತ್ತುವಾಗ ಇವೆರಡರ ಪಾತ್ರ ಅದಲುಬದಲಾಗಬಹುದು, ಹಾಗಾಗಿ ಪೂರ್ತಿ ಕೈಬಿಡಬೇಡಿ.

ಕ್ಯಾಂಬರ್ ಕೊಟ್ಟಿದ್ದರೆ ಅದನ್ನೂ ನೋಡಿ. ಭಾರ ಬಿದ್ದಾಗ ಇಳಿಯುತ್ತದೆ ಅಂತ ಮೊದಲೇ ನಡುವೆ ಕೊಡುವ ಮೇಲ್ಮುಖ ಬಾಗು ಅದು. ಎಐಎಸ್‌ಸಿ 303 ಪ್ರಕಾರ ಹತ್ತಿರದ ಆಧಾರದಿಂದ ಇರುವ ದೂರದ 1/800 ವ್ಯತ್ಯಾಸ ಒಪ್ಪಬಹುದು. ನಮ್ಮ ಟ್ರಸ್‌ನ ನಡುವೆ, ಅಂದರೆ 6 ಮೀಟರ್ ದೂರಕ್ಕೆ 7.5 ಮಿಮೀ. ನಿಲ್ಲಿಸಿ ಅಳೆದರೆ ತನ್ನ ಭಾರಕ್ಕೇ ಇಳಿದಿರುತ್ತದೆ, ಲೆಕ್ಕ ತಪ್ಪುತ್ತದೆ.

ಕ್ಲೀಟ್‌ಗಳನ್ನು ಒಂದೇ ದಾರದಲ್ಲಿ ನೋಡಿ, ಮುಖ ಸರಿಯಾದ ಕಡೆಗಿದೆಯಾ ಅನ್ನುವುದನ್ನೂ ಸೇರಿಸಿ. ಎರಡು ತುದಿಯ ಟ್ರಸ್‌ಗಳಲ್ಲಿ ಕ್ಲೀಟ್ ಮತ್ತು ಬ್ರೇಸಿಂಗ್ (ಟ್ರಸ್‌ಗಳನ್ನು ಒಂದಕ್ಕೊಂದು ಓರೆಯಾಗಿ ಹಿಡಿಯುವ ತುಂಡು) ಪ್ಲೇಟ್ ಕನ್ನಡಿಯಲ್ಲಿ ಕಂಡಂತೆ ಅದಲುಬದಲು ಇರುತ್ತವೆ. ಎರಡನ್ನೂ ಒಂದೇ ತರಹ ಮಾಡಿಬಿಡುವುದು ತುಂಬಾ ಮಾಮೂಲಿ ತಪ್ಪು.

ಅಳತೆಗಳನ್ನು ಬರೆದಿಡುವಾಗ ಡ್ರಾಯಿಂಗ್ ಅಳತೆ, ಸಿಕ್ಕ ಅಳತೆ, ವ್ಯತ್ಯಾಸ ಮೂರೂ ಇರಲಿ, ಪ್ಲಸ್ ಮೈನಸ್ ಚಿಹ್ನೆ ಸಮೇತ. "ಓಕೆ" ಅಂತ ಟಿಕ್ ಹಾಕಿದ ಹಾಳೆ ಆಮೇಲೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಹಂತ 10: ತೂತುಗಳು

20 ಮಿಮೀ ಬೋಲ್ಟ್‌ಗೆ ಮಾಮೂಲಿ ತೂತು 22 ಮಿಮೀ. ಅಂದರೆ ಯಾವ ಕಡೆಗಾದರೂ ಜರುಗಲು 1 ಮಿಮೀ ಮಾತ್ರ. ಟ್ರಸ್‌ಗೂ ಟ್ರಸ್‌ಗೂ ನಡುವಿನ ಸ್ಟೀಲ್ ಜೋಡಣೆಗೆ ಇದು ಸಾಕು. ಕಾಂಕ್ರೀಟ್ ಕಂಬದಲ್ಲಿ ಮೊದಲೇ ಹೂತ ಆಂಕರ್ ಬೋಲ್ಟ್‌ಗೆ ಸಾಲದು, ಅವು ಎಂದೂ ಅಷ್ಟು ನಿಖರವಾಗಿ ಕೂತಿರುವುದಿಲ್ಲ. ಅಲ್ಲಿ ದೊಡ್ಡ ತೂತು, ಮೇಲೆ ದಪ್ಪ ಪ್ಲೇಟ್ ವಾಷರ್ ಅಂತ ಡ್ರಾಯಿಂಗ್‌ನಲ್ಲೇ ಇರಬೇಕು. ಇಲ್ಲದಿದ್ದರೆ ಈಗಲೇ ಕೇಳಿ. ಕೂತಿರುವ ಬೋಲ್ಟ್‌ಗಳ ನಡುವಿನ ಅಳತೆಯನ್ನು ಬೇಸ್ ಪ್ಲೇಟ್ ತೂತು ಹಾಕುವ ಮೊದಲೇ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಟ್ರಸ್ಸನ್ನು ಕಂಬದ ಮೇಲೆ ಎತ್ತಿ ನಿಲ್ಲಿಸಿದ ಹೊತ್ತಿನಲ್ಲಿ ಗ್ಯಾಸ್ ಕಟರ್‌ನಿಂದ ತೂತು ಅಗಲ ಮಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಹಂತ 11: ಮಿತಿ ಮೀರಿದ್ದರೆ

ಪಕ್ಕಕ್ಕೆ ಬಾಗಿದ್ದರೆ ಜ್ಯಾಕ್ ಹಾಕಿ ನಿಧಾನವಾಗಿ ಒತ್ತಿ ನೇರ ಮಾಡಬಹುದು, ಅಥವಾ ಉಬ್ಬಿದ ಬದಿಗೆ ಬಿಸಿ ಕೊಟ್ಟು ನೇರ ಮಾಡಬಹುದು. ಮಾಮೂಲಿ ಸ್ಟೀಲ್‌ಗೆ 650 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಣ್ಣ ನೋಡಿ ಅಂದಾಜು ಮಾಡುವ ಬದಲು ಬಿಸಿ ತೋರಿಸುವ ಕ್ರೇಯಾನ್ ಬಳಸಿ. ಕೆಂಪಾದ ಕಬ್ಬಿಣಕ್ಕೆ ನೀರು ಹಾಕಬೇಡಿ, ತಾನಾಗೇ ಆರಲಿ.

ನೋಡ್ ಜಾಗ ತಪ್ಪಿದ್ದರೆ, ವೆಲ್ಡ್ ಉದ್ದ ಸಿಗದಿದ್ದರೆ, ಉದ್ದವೇ ಕಮ್ಮಿ ಬಿದ್ದಿದ್ದರೆ ಸ್ವಂತ ಉಪಾಯ ಬೇಡ. ಬರೆದಿಟ್ಟ ಅಳತೆಗಳನ್ನು ಡಿಸೈನರ್‌ಗೆ ಕಳಿಸಿ. ಎಷ್ಟೋ ಸಲ ಲೆಕ್ಕ ಹಾಕಿ "ಹಾಗೇ ಇರಲಿ" ಅನ್ನುತ್ತಾರೆ, ಕೆಲವು ಸಲ ಒಂದು ಪ್ಲೇಟ್ ಸೇರಿಸಿ ಅನ್ನುತ್ತಾರೆ. ಚೈನ್ ಬ್ಲಾಕ್‌ನಿಂದ (ಸರಪಳಿ ರಾಟೆ) ಎಳೆದು ಬೋಲ್ಟ್ ಹೊಂದಿಸುವುದು ಮಾತ್ರ ಬೇಡವೇ ಬೇಡ. ಎಳೆದ ಬಲ ಟ್ರಸ್‌ನಲ್ಲೂ ಕಂಬದಲ್ಲೂ ಹಾಗೇ ಉಳಿದುಕೊಳ್ಳುತ್ತದೆ.

ಪಾಸಾದ ಟ್ರಸ್‌ಗೆ ನಂಬರನ್ನು ಪಂಚ್‌ನಿಂದ ಹೊಡೆಯಿರಿ, ಚಾಕ್‌ನಲ್ಲಿ ಬರೆದದ್ದು ಪೇಂಟ್ ಅಡಿಗೆ ಹೋಗುತ್ತದೆ. ಯಾವ ತುದಿ ಯಾವ ಕಂಬದ ಕಡೆಗೆ ಅನ್ನುವುದನ್ನೂ ಹೊಡೆಯಿರಿ. ಲಾರಿ ಬರುವ ತನಕ ಒಂದರ ಮೇಲೊಂದು ಮಲಗಿಸಬೇಡಿ. ನೆಟ್ಟಗೆ ನಿಲ್ಲಿಸಿ, ಎರಡು ಬೇರಿಂಗ್ ಜಾಗದಲ್ಲಿ ಮರದ ದಿಮ್ಮಿ ಕೊಟ್ಟು, ಬೀಳದ ಹಾಗೆ ಕಟ್ಟಿಡಿ.